ನಿದ್ದೆ ಮಾತ್ರೆಯ ಜಾಗಕ್ಕೆ ಮೆಲಟೋನಿನ್ ಬರುವುದಿಲ್ಲ

"ಆಲ್ಪ್ರಜೋಲಾಮ್ ಚಟ ಹಿಡಿಸುತ್ತದಂತೆ, ಅದನ್ನು ಬಿಟ್ಟು ಮೆಲಟೋನಿನ್ ತಗೊಳ್ಳಲಾ?" ಎಂದು ಕೇಳುವವರು ಈಗ ಬಹಳ. ಆಲ್ಪ್ರಜೋಲಾಮ್ ಜೋರು ನಿದ್ದೆ ಮಾತ್ರೆ, ಮೆಲಟೋನಿನ್ ಎಂಬ ಹಾರ್ಮೋನು ಮಾತ್ರೆ ಅದರದೇ ಸೌಮ್ಯ ರೂಪ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಅದು ತಪ್ಪು. ಎರಡೂ ಮಾಡುವ ಕೆಲಸ ಬೇರೆ, ತೆಗೆದುಕೊಳ್ಳುವ ಹೊತ್ತು ಬೇರೆ, ಕೈಕೊಡುವ ರೀತಿಯೂ ಬೇರೆ.

ಡಾಕ್ಟರು ಚೀಟಿಯಲ್ಲಿ ಬರೆಯುವ ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಎಲ್ಲವೂ ಮಿದುಳಿನ ಗಾಬಾ ಗ್ರಾಹಕಗಳ (ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕ ಬಂದು ಕೂರುವ ತಾಣಗಳ) ಮೂಲಕ ನರಕೋಶಗಳ ಚಟುವಟಿಕೆಯನ್ನೇ ತಗ್ಗಿಸುತ್ತವೆ. ಹಗಲೋ ರಾತ್ರಿಯೋ, ಮಂಪರು ಬಂದೇ ಬರುತ್ತದೆ. ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತವೆ ಎಂಬುದರಲ್ಲಿ ಮಾತ್ರ ದೊಡ್ಡ ಅಂತರವಿದೆ. ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಜೋಲ್ಪಿಡೆಮ್‌ಗೆ ಸುಮಾರು ಎರಡೂವರೆ ಗಂಟೆ, ಆಲ್ಪ್ರಜೋಲಾಮ್‌ಗೆ 11 ಗಂಟೆ, ಕ್ಲೋನಾಜೆಪಾಮ್‌ಗೆ 30ರಿಂದ 40 ಗಂಟೆ ಬೇಕು. ಕ್ಲೋನಾಜೆಪಾಮ್ ನುಂಗಿದವರಿಗೆ ಮರುದಿನ ಮಧ್ಯಾಹ್ನವೂ ತಲೆ ಭಾರ ಎನಿಸುವುದು ಇದೇ ಕಾರಣಕ್ಕೆ.

ಜೋಲ್ಪಿಡೆಮ್ ವಿಷಯದಲ್ಲಿ ಮನೆಗಳಲ್ಲಿ ಆಗುವ ಎಡವಟ್ಟು ಊಟಕ್ಕೆ ಸಂಬಂಧಿಸಿದ್ದು. ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಮುದ್ದೆ ಉಂಡು ಹತ್ತೂಕಾಲಿಗೆ ಮಾತ್ರೆ ನುಂಗಿದರೆ ಅದು ರಕ್ತ ಸೇರುವುದು ತಡವಾಗುತ್ತದೆ. ಅರ್ಧ ಗಂಟೆ ಕಾದು, "ಇವತ್ತು ಹತ್ತಲಿಲ್ಲ" ಎಂದು ಇನ್ನೊಂದು ನುಂಗುತ್ತಾರೆ. ಎರಡೂ ಒಟ್ಟಿಗೆ ಏರಿದಾಗ ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ. ಊಟ ಬೇಗ ಮುಗಿಸಿ, ಹಾಸಿಗೆಗೆ ಹೋಗುವ ಗಳಿಗೆಯಲ್ಲಿ ಒಂದೇ ಸಲ ತೆಗೆದುಕೊಳ್ಳಬೇಕು. ಏಳುವ ಹೊತ್ತಿಗೆ ಇನ್ನೂ 7–8 ಗಂಟೆ ಇರಬೇಕು. ನಡುರಾತ್ರಿ ಎರಡಕ್ಕೆ ನುಂಗಿ ಬೆಳಿಗ್ಗೆ ಏಳಕ್ಕೆ ಗಾಡಿ ಹತ್ತುವುದು ಅಪಾಯ. ಹೆಂಗಸರ ಮೈಯಿಂದ ಈ ಔಷಧ ನಿಧಾನವಾಗಿ ಹೊರಹೋಗುವುದರಿಂದ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವರ ಆರಂಭಿಕ ಪ್ರಮಾಣವನ್ನು 10ರಿಂದ 5 ಮಿ.ಗ್ರಾಂಗೆ ಇಳಿಸಿತು. ನಿದ್ದೆಗಣ್ಣಲ್ಲೇ ನಡೆಯುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು ಕಂಡುಬಂದಿದ್ದರಿಂದ 2019ರಲ್ಲಿ ಅತಿ ಗಂಭೀರ ಎಚ್ಚರಿಕೆಯನ್ನೂ ಸೇರಿಸಿತು. ಒಮ್ಮೆ ಹಾಗಾದರೂ ಆ ಮಾತ್ರೆ ಮತ್ತೆ ಬೇಡ. ಮದ್ಯದ ಜೊತೆಗಂತೂ ಇವುಗಳಲ್ಲಿ ಯಾವುದೂ ಸಲ್ಲದು, ಉಸಿರಾಟವೇ ನಿಧಾನವಾಗುತ್ತದೆ.

ಮೆಲಟೋನಿನ್ ಮಿದುಳಿನ ಪಿನಿಯಲ್ ಗ್ರಂಥಿಯ ಹಾರ್ಮೋನು. 1958ರಲ್ಲಿ ಅಮೆರಿಕದ ವೈದ್ಯ ಏರನ್ ಲರ್ನರ್ ಅದನ್ನು ದನದ ಪಿನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದರು. ಕತ್ತಲಾದ ಮೇಲೆ, ಮಲಗುವ ರೂಢಿಯ ಹೊತ್ತಿಗೆ ಸುಮಾರು ಎರಡು ಗಂಟೆ ಮುಂಚೆ ಅದು ಏರಲು ಶುರುವಾಗುತ್ತದೆ. ಊರ ಗುಡಿಯ ಗಂಟೆಯ ಹಾಗೆ, ಹೊತ್ತಾಯಿತೆಂದು ಹೇಳುವುದಷ್ಟೇ ಅದರ ಕೆಲಸ. ಹಾಗಾಗಿ ನಿದ್ದೆ ಬಾರದವರಿಗೆಲ್ಲ ಕೊಟ್ಟು ಅಳೆದಾಗ ಫಲ ಸಣ್ಣದು. 2013ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಔಷಧವಿಲ್ಲದ ಹುಸಿ ಮಾತ್ರೆಗಿಂತ ಸುಮಾರು 7 ನಿಮಿಷ ಬೇಗ ನಿದ್ದೆ ಬಂತು. ಜೋಲ್ಪಿಡೆಮ್ ಗುಂಪಿನ ಮಾತ್ರೆಗಳನ್ನು 2012ರಲ್ಲಿ ಹೀಗೆಯೇ ಅಳೆದಾಗ ಸಿಕ್ಕಿದ್ದು 22 ನಿಮಿಷ. ಜನ ನೆಚ್ಚಿಕೊಂಡಷ್ಟು ದೊಡ್ಡ ಲಾಭ ಅದರಲ್ಲೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ತೊಂದರೆ ನಿದ್ದೆಯದಲ್ಲ, ಹೊತ್ತಿನದು ಎಂದಾದರೆ ಮೆಲಟೋನಿನ್ ನಿಜವಾಗಿ ನೆರವಾಗುತ್ತದೆ. ರಾತ್ರಿ ಮೂರರ ತನಕ ಕಣ್ಣು ಮುಚ್ಚದೆ, ರಜೆಯಲ್ಲಿ ಬಿಟ್ಟರೆ ಬೆಳಿಗ್ಗೆ ಹನ್ನೊಂದರವರೆಗೆ ಸೊಗಸಾಗಿ ಮಲಗುವ ಹುಡುಗರಿದ್ದಾರಲ್ಲ, ಅವರಿಗೆ 0.5 ಮಿ.ಗ್ರಾಂ ಸಾಕು. ಅದನ್ನು ಮಲಗುವಾಗಲ್ಲ, ನಿದ್ದೆ ಬರುವ ಹೊತ್ತಿಗೆ ನಾಲ್ಕೈದು ಗಂಟೆ ಮುಂಚೆ ಕೊಡಬೇಕು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 3, 5, 10 ಮಿ.ಗ್ರಾಂ. ಹತ್ತು ನುಂಗಿದರೆ ಇಪ್ಪತ್ತು ಪಟ್ಟು ಗುಣ ಬರುವುದಿಲ್ಲ, ಬೆಳಿಗ್ಗೆ ತಲೆನೋವು, ಮಂಪರು ಬರಬಹುದು. ನುಂಗಿದ ಮೇಲೆ ಪ್ರಖರ ಬೆಳಕಿನಲ್ಲಿ ಕೂತರೆ ದೇಹದ ಗಡಿಯಾರಕ್ಕೆ ಎರಡು ವಿರುದ್ಧ ಸೂಚನೆ ಹೋದಂತಾಗುತ್ತದೆ.

ಲಂಡನ್ನಿನಿಂದ ಬೆಂಗಳೂರಿಗೆ ಬಂದವರ ದೇಹ ನಾಲ್ಕೂವರೆಯಿಂದ ಐದೂವರೆ ಗಂಟೆ ಹಿಂದಿರುತ್ತದೆ. ಅವರು ಇಲ್ಲಿಯ ಮಲಗುವ ಹೊತ್ತಿಗೆ, ರಾತ್ರಿ ಹತ್ತು ಹತ್ತೂವರೆಗೆ, 0.5ರಿಂದ 5 ಮಿ.ಗ್ರಾಂ ಒಳಗೆ, ಎರಡರಿಂದ ಐದು ದಿನ ತೆಗೆದುಕೊಂಡರೆ ಸಾಕು. ಹಗಲಲ್ಲಿ ತೆಗೆದುಕೊಂಡರೆ ಹೊಂದಿಕೆ ಇನ್ನೂ ತಡವಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ಐಟಿಯವರಿಗೆ ಸಿಗುವ ಹೆಚ್ಚುವರಿ ನಿದ್ದೆ ಸುಮಾರು 24 ನಿಮಿಷ, ಅದರ ಆಧಾರವೂ ಗಟ್ಟಿಯಲ್ಲ. ಅವರು ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕುವುದನ್ನು ಮೊದಲು ಮಾಡಲಿ.

ಇನ್ನು ಮೊದಲಿನ ಪ್ರಶ್ನೆ. ತಿಂಗಳುಗಟ್ಟಲೆ ಆಲ್ಪ್ರಜೋಲಾಮ್ ತೆಗೆದುಕೊಂಡವರ ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಇವತ್ತು ನಿಲ್ಲಿಸಿ ನಾಳೆ ಮೆಲಟೋನಿನ್ ಶುರುಮಾಡಿದರೆ ಕೈನಡುಕ, ಬೆವರು, ಎದೆಬಡಿತ, ಮೊದಲಿಗಿಂತ ಕೆಟ್ಟ ನಿದ್ರಾಹೀನತೆ ಬರಬಹುದು. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಖಾಲಿಯಾದ ಗಾಬಾ ಗ್ರಾಹಕವನ್ನು ಮೆಲಟೋನಿನ್ ಮುಟ್ಟುವುದೇ ಇಲ್ಲ, ಹಾಗಾಗಿ ಅದು ಈ ಯಾವ ಲಕ್ಷಣವನ್ನೂ ತಡೆಯದು. ಬಿಡುವುದಾದರೆ ಡಾಕ್ಟರ ನಿಗಾದಲ್ಲೇ ಇಳಿಸಬೇಕು: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಪ್ರಮಾಣದ ಶೇ. 5ರಿಂದ 10ರಷ್ಟು, ಎರಡು ವಾರದಲ್ಲಿ ಶೇ. 25 ದಾಟಬಾರದು. ಇಷ್ಟು ಸಣ್ಣದಾಗಿ ಆಲ್ಪ್ರಜೋಲಾಮ್ ಮುರಿಯುವುದು ಕಷ್ಟ, ಅದಕ್ಕೇ ಕೆಲವು ಡಾಕ್ಟರು ಮೊದಲು ನಿಧಾನವಾಗಿ ಇಳಿಯುವ ಡಯಾಜೆಪಾಮ್‌ಗೆ ಬದಲಿಸುತ್ತಾರೆ. ನಡುಕ ಶುರುವಾದರೆ ಅದೇ ಹಂತದಲ್ಲಿ ನಿಲ್ಲಬೇಕು. ಕೊನೆಯ ಚೂರು ಬಿಡುವುದೇ ಎಲ್ಲಕ್ಕಿಂತ ನಿಧಾನ, ಅದಕ್ಕೆ ಯಾರೂ ಎದೆಗುಂದಬೇಕಾಗಿಲ್ಲ.

ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ನಮ್ಮಲ್ಲಿ ಶೆಡ್ಯೂಲ್ ಎಚ್1 ಔಷಧಗಳು. ಮೆಡಿಕಲ್ ಸ್ಟೋರಿನವರು ರೋಗಿ, ಡಾಕ್ಟರ ಹೆಸರು, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಹಳೆ ಚೀಟಿ ತೋರಿಸಿ ವರ್ಷಾನುಗಟ್ಟಲೆ ಕೊಳ್ಳುವವರನ್ನು ತಡೆಯುವ ಈ ನಿಯಮ ಸರಿಯಾಗಿಯೇ ಇದೆ. ಮೆಲಟೋನಿನ್‌ಗೆ ಅಷ್ಟು ಬಿಗಿಯಿಲ್ಲ. 2017ರಲ್ಲಿ ಕೆನಡಾದಲ್ಲಿ ಪರೀಕ್ಷಿಸಿದ ಉತ್ಪನ್ನಗಳಲ್ಲಿ ಕೆಲವು ಲೇಬಲ್ಲಿಗಿಂತ ಶೇ. 83 ಕಡಿಮೆ, ಕೆಲವು ಶೇ. 478 ಹೆಚ್ಚು ಮೆಲಟೋನಿನ್ ಹೊಂದಿದ್ದವು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್‌ಫರಿನ್ ಅಥವಾ ಖಿನ್ನತೆಗೆ ಕೊಡುವ ಫ್ಲುವಾಕ್ಸಮೀನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮೆಲಟೋನಿನ್ ಮುಟ್ಟಬಾರದು.

ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು ಇದ್ದರೆ ಮೊದಲು ನಿದ್ದೆಯ ಪರೀಕ್ಷೆಯಾಗಲಿ. ಗಾಬಾ ಗ್ರಾಹಕಗಳ ಮೂಲಕ ಕೆಲಸ ಮಾಡುವ ನಿದ್ದೆ ಮಾತ್ರೆಗಳು ಅಲ್ಲಿ ಕೆಡುಕು ಮಾಡಬಹುದು. 65 ದಾಟಿದವರಿಗೂ ಇವನ್ನು ಆದಷ್ಟು ತಪ್ಪಿಸಬೇಕು, ಬಿದ್ದು ಸೊಂಟ ಮುರಿದರೆ ಸುಧಾರಿಸಿಕೊಳ್ಳುವುದು ಕಷ್ಟ.

ಮೂರು ತಿಂಗಳಿಗೂ ಮೀರಿದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಯ ರೂಢಿಯನ್ನೇ ತಿದ್ದುವ ವರ್ತನಾ ಚಿಕಿತ್ಸೆ. ಎರಡು ವಾರ ಮಲಗಿದ, ಎದ್ದ, ನಿಜವಾಗಿ ನಿದ್ರಿಸಿದ ಹೊತ್ತು ಬರೆಯಿರಿ. ಸರಾಸರಿ ಐದೂವರೆ ಗಂಟೆ ಬಂದರೆ ಹಾಸಿಗೆಯಲ್ಲಿರುವುದೂ ಅಷ್ಟೇ: ಏಳುವುದು ದಿನವೂ ಆರಕ್ಕೆ, ಮಲಗುವುದು ಹನ್ನೆರಡೂವರೆಗೆ. ಹಾಸಿಗೆಯಲ್ಲಿದ್ದ ಹೊತ್ತಿನ ಶೇ. 85ರಷ್ಟು ಒಂದು ವಾರ ನಿದ್ದೆ ಬಂದರೆ 15 ನಿಮಿಷ ಸೇರಿಸಿ. ಐದು ಗಂಟೆಗಿಂತ ಕೆಳಗೆ ಇಳಿಸಬೇಡಿ. ಫಿಟ್ಸ್ ಅಥವಾ ಬೈಪೋಲಾರ್ ಎಂಬ ಮನೋರೋಗ ಇರುವವರು, ಬಸ್ಸು ಲಾರಿ ಓಡಿಸುವವರು ತಾವಾಗಿ ಇದಕ್ಕೆ ಕೈಹಾಕದೆ ಮನೋವೈದ್ಯರನ್ನು ಕಂಡೇ ಶುರುಮಾಡಬೇಕು.