ಮೊಹರು ಬಿದ್ದ ಸ್ಟ್ಯಾಂಪು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಆಗ ಟಪಾಲು ತರುವುದಕ್ಕೆಂದೇ ಒಬ್ಬರು ಇರುತ್ತಿದ್ದರು. ಬೀಗ ಹಾಕಿದ ಕ್ಯಾನ್ವಾಸ್ ಚೀಲ ಹೆಗಲಿಗೇರಿಸಿ ಬೆಳಿಗ್ಗೆ ಪೋಸ್ಟಾಫೀಸಿಗೆ ಹೊರಟರೆ ವಾಪಸು ಬರುವುದು ಊಟದ ಹೊತ್ತಿಗೆ. ಮಳೆಗಾಲದಲ್ಲಿ ತಾವು ನೆನೆದರೂ ಚೀಲವನ್ನು ಕಂಬಳಿ ಕೊಪ್ಪೆಯೊಳಗೆ ಬೆಚ್ಚಗೆ ಇಟ್ಟುಕೊಂಡು ಬರುತ್ತಿದ್ದರು. ಚೀಲದ ಒಂದು ಕೀಲಿಕೈ ಪೋಸ್ಟ್‌ಮಾಸ್ಟರ ಹತ್ತಿರ, ಇನ್ನೊಂದು ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ. ನಮ್ಮಪ್ಪ ಆ ತೋಟದ ರೈಟರು. ಚೀಲ ಬಿಚ್ಚುವಾಗ ಆಫೀಸಿನ ಬಾಗಿಲಲ್ಲಿ ನಿಂತಿರುತ್ತಿದ್ದವಳು ನಾನು.

ಸಾಹುಕಾರರ ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದರು. ಅವರ ಪತ್ರ ಬಂದ ದಿನ ಅಪ್ಪ ದೊಡ್ಡ ಮನೆಗೆ ಹೋಗಿ, "ಅಮ್ಮಾವ್ರೇ, ಕವರು ಒಲೆಗೆ ಹಾಕ್ಬೇಡಿ, ನಮ್ಮ ಹುಡುಗಿ ಕೇಳ್ತಾಳೆ" ಅಂದು ಬರುತ್ತಿದ್ದರು. ಸಂಜೆಗೆ ಕವರು ನನ್ನ ಕೈಸೇರುತ್ತಿತ್ತು. ಅದರ ಮೇಲೆ ರಾಣಿ ಎಲಿಜಬೆತ್ ತಲೆ, ಬೆಲೆ, ಅಷ್ಟೇ. ದೇಶದ ಹೆಸರೇ ಇಲ್ಲ. 1840ರ ಮೇ ತಿಂಗಳಲ್ಲಿ ಪ್ರಪಂಚದ ಮೊದಲ ಅಂಚೆಚೀಟಿ ತಂದವರು ಬ್ರಿಟನ್ನಿನವರು. ಆಗ ಬೇರೆ ದೇಶದ ಚೀಟಿಯೇ ಇರಲಿಲ್ಲವಾದ್ದರಿಂದ ಹೆಸರು ಹಾಕುವ ಅಗತ್ಯ ಬೀಳಲಿಲ್ಲ, ಇಂದಿಗೂ ಹಾಕುವುದಿಲ್ಲ. ರಾಣಿಯ ಆ ಸರಣಿ ಶುರುವಾದದ್ದು 1967ರಲ್ಲಿ. ಬೆಲೆ ಬದಲಾದ ಹಾಗೆ ಬಣ್ಣವೂ ಬದಲು. ಒಂದೇ ಮುಖವನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುವ ಸುಖ ನನಗೆ ಮೊದಲು ಹತ್ತಿದ್ದು ಅಲ್ಲಿ.

ಚಿಕ್ಕಮಗಳೂರು ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಫಾರಿನ್ ಸ್ಟ್ಯಾಂಪು ಮಾರುತ್ತಿದ್ದರು. ಗಲ್ಫಿನ ಅಜ್ಮಾನ್, ಫುಜೈರಾ, ಯುರೋಪಿನ ಹಂಗೇರಿ. ಅಂಗೈ ಅಗಲದ ಚೀಟಿಗಳು, ಹುಲಿ, ಚಿಟ್ಟೆ, ರಾಕೆಟ್, ಕಣ್ಣು ಕುಕ್ಕುವ ಬಣ್ಣ. ತಂದುಕೊಂಡು ಬೆನ್ನು ತಿರುಗಿಸಿ ನೋಡಿದರೆ ಗೋಂದು ಹಾಗೇ ಇದೆ, ಮೂಲೆಯಲ್ಲಿ ಮಾತ್ರ ಅಚ್ಚುಕಟ್ಟಾಗಿ ಕಾಲು ಭಾಗ ಮೊಹರು. ಅಂದರೆ ಅದು ಯಾವ ಕಾಗದಕ್ಕೂ ಅಂಟಿದ್ದಲ್ಲ. ಸಂಗ್ರಹಕಾರರಿಗೆ ಮಾರುವುದಕ್ಕೆಂದೇ ಹಾಳೆಗಟ್ಟಲೆ ಚೀಟಿಗೆ ಅಚ್ಚುಮನೆಯ ಮಟ್ಟದಲ್ಲೇ ಮೊಹರು ಹಾಕಿಸಿ ಪೊಟ್ಟಣ ಕಟ್ಟುವ ಪದ್ಧತಿ ಅನೇಕ ದೇಶಗಳಲ್ಲಿತ್ತು. ಗಲ್ಫಿನ ಸಣ್ಣ ಸಂಸ್ಥಾನಗಳಂತೂ 1971ರಲ್ಲಿ ಒಂದಾಗಿ ಸಂಯುಕ್ತ ಅರಬ್ ಸಂಸ್ಥಾನವಾಗುವ ಹೊತ್ತಿಗೆ ತಮ್ಮ ಜನ ಒಟ್ಟು ಸೇರಿ ಬರೆದರೂ ಮುಗಿಯದಷ್ಟು ಚೀಟಿ ಅಚ್ಚು ಹಾಕಿಸಿದ್ದವು. ಎಷ್ಟು ಚೆಂದ ಇದ್ದರೂ ಅವು ನನ್ನ ಮನಸ್ಸಿಗೆ ಹತ್ತಲಿಲ್ಲ. ಯಾರೋ ಒಬ್ಬರು ಕೂತು ಬರೆದು, ನಾಲಗೆಗೆ ತಾಗಿಸಿ ಅಂಟಿಸಿ, ಡಬ್ಬಕ್ಕೆ ಹಾಕಿ, ಅದು ಹಡಗೋ ವಿಮಾನವೋ ಹತ್ತಿ, ಕೊನೆಗೆ ಕಂಬಳಿ ಕೊಪ್ಪೆಯೊಳಗೆ ನಮ್ಮ ತೋಟದ ಏರು ಹತ್ತಿ ಬರಬೇಕು. ಅಂಥ ಚೀಟಿಯ ಮುಖಕ್ಕೆ ಮೊಹರು ಅಡ್ಡಾದಿಡ್ಡಿ ಬಿದ್ದಿದ್ದರೂ ಅದೇ ನನಗೆ ಹೆಚ್ಚು. ಬಲ್ಲವರು ಇದನ್ನು ಒಪ್ಪುವುದಿಲ್ಲ. ಮೊಹರು ಬೀಳದ ಹೊಸ ಚೀಟಿಗೇ ಪೇಟೆಯಲ್ಲಿ ಬೆಲೆ. ನನ್ನ ನಿಲುವು ಮಾತ್ರ ಅಂದಿನಿಂದ ಬದಲಾಗಿಲ್ಲ.

ಹಾಗಾದರೆ ನಮಗೆ ಪರದೇಶದಿಂದ ಬರೆಯುವವರು ಯಾರು? ದಾರಿ ತೋರಿಸಿದ್ದು ಅಪ್ಪನ ರೇಡಿಯೋ. ಆಗ ರೇಡಿಯೋಗೂ ಲೈಸೆನ್ಸು, ಅದರ ಹಣ ಕಟ್ಟುವುದಕ್ಕೂ ಪೋಸ್ಟಾಫೀಸಿಗೇ ಹೋಗಬೇಕು. ರಾತ್ರಿ ಶಾರ್ಟ್‌ವೇವ್ ತಿರುಗಿಸಿದರೆ ನೆದರ್ಲೆಂಡ್ಸಿನ ಹಿಲ್ವರ್ಸಮ್, ಮಾಸ್ಕೋ, ಪೂರ್ವ ಬರ್ಲಿನ್ ಎಲ್ಲ ಸಿಗುತ್ತಿದ್ದವು. ನಿಮ್ಮ ಧ್ವನಿ ಇಷ್ಟು ಹೊತ್ತಿಗೆ, ಈ ಮೀಟರಿನಲ್ಲಿ, ಇಷ್ಟು ಸ್ಪಷ್ಟವಾಗಿ ಕೇಳಿಸಿತು ಎಂದು ಬರೆದು ಕಳಿಸಿದರೆ ಅವರು ಚಿತ್ರದ ಕಾರ್ಡು ಕಳಿಸುತ್ತಿದ್ದರು. ಕ್ಯೂಎಸ್ಎಲ್ ಕಾರ್ಡು ಎಂದು ಅದರ ಹೆಸರು. ದೂರದ ಕೇಂದ್ರಗಳಿಗೆ ತಮ್ಮ ಅಲೆ ಎಲ್ಲಿಯವರೆಗೆ ತಲುಪುತ್ತದೆ ಎಂಬ ಲೆಕ್ಕ ಬೇಕು, ನನಗೆ ಕವರು ಬೇಕು. ಕೆಲವು ಕೇಂದ್ರದವರು ಸ್ಟ್ಯಾಂಪಿನ ಬದಲು ಯಂತ್ರದ ಕೆಂಪು ಮುದ್ರೆ ಒತ್ತಿ ಕಳಿಸಿದಾಗ ಅಳುವೇ ಬರುತ್ತಿತ್ತು. ಪೂರ್ವ ಬರ್ಲಿನ್ನಿನ ಕವರಿನ ಮೇಲೆ ಮಾತ್ರ ಡಿಡಿಆರ್ ಎಂದು, ಅಂದರೆ ಪೂರ್ವ ಜರ್ಮನಿಯ ಹೆಸರು ಮೂರಕ್ಷರದಲ್ಲಿ, ಅಚ್ಚಾದ ನಿಜವಾದ ಚೀಟಿ. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿ ಒಂದಾದವು; ಆ ಮೂರಕ್ಷರದ ಚೀಟಿ ಮತ್ತೆ ಬರಲಿಲ್ಲ. ಆಮೇಲೆ ಸೋವಿಯತ್ ಒಕ್ಕೂಟ, 1993ರ ಹೊಸ ವರ್ಷಕ್ಕೆ ಚೆಕೊಸ್ಲೊವಾಕಿಯಾ ಒಡೆದುಹೋದವು. ನನ್ನ ಆಲ್ಬಂನ ಪುಟಗಳಲ್ಲಿ ಆ ದೇಶಗಳು ಇನ್ನೂ ಇವೆ.

ಗೆಳತಿ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಫಿನ್ಲೆಂಡಿನ ಟುರ್ಕು ಎಂಬ ಊರಿನಲ್ಲಿ ಇಂಟರ್‌ನ್ಯಾಷನಲ್ ಯೂತ್ ಸರ್ವಿಸ್ ಅಂತ ಒಂದು ಸಂಸ್ಥೆ 1952ರಿಂದ ಪ್ರಪಂಚದ ಶಾಲೆ ಮಕ್ಕಳನ್ನು ಪತ್ರದ ಮೂಲಕ ಜೋಡಿಸುತ್ತಿತ್ತು. ವಯಸ್ಸು, ಹವ್ಯಾಸ ತುಂಬಿ ಫಾರಂ ಕಳಿಸಿದರೆ ವಿಳಾಸ ಬರುತ್ತಿತ್ತು. ನನಗೆ ಬಂದದ್ದು ಡೆನ್ಮಾರ್ಕಿನ ಆರ್ಹುಸ್ ಪಟ್ಟಣದ ಒಬ್ಬ ಹುಡುಗಿಯ ವಿಳಾಸ. ನನ್ನ ಮೊದಲ ಪತ್ರಕ್ಕೆ ಅಂಟಿಸಿದ್ದು ಶ್ರವಣಬೆಳಗೊಳದ ಗೊಮ್ಮಟೇಶ್ವರನ ಸ್ಟ್ಯಾಂಪು. 1981ರ ಮಹಾಮಸ್ತಕಾಭಿಷೇಕಕ್ಕೆ ಬಂದದ್ದು, ಅಪ್ಪ ಹಾಸನಕ್ಕೆ ಹೋದಾಗ ತಂದಿಟ್ಟಿದ್ದರು. ಆ ಸಂಸ್ಥೆ 2008ರಲ್ಲಿ ಮುಚ್ಚಿತು. ನಮ್ಮಿಬ್ಬರ ಪತ್ರ ನಿಲ್ಲಲಿಲ್ಲ. ಇಬ್ಬರಿಗೂ ಮದುವೆಯಾಯಿತು, ಅವಳಿಗೆ ಮೊಮ್ಮಕ್ಕಳಾದವು, ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಭೇಟಿಯಾಗಿಲ್ಲ.

ಅವಳ ಪತ್ರ ತೆರೆಯುವ ಮೊದಲು ಕವರನ್ನೇ ಬಹಳ ಹೊತ್ತು ನೋಡುತ್ತೇನೆ. ಡೆನ್ಮಾರ್ಕಿನ ಹಳೆಯ ಚೀಟಿಗಳು ಉಕ್ಕಿನ ಅಚ್ಚಿನ ಮೇಲೆ ಕೈಯಲ್ಲಿ ಕೆತ್ತಿ ಮುದ್ರಿಸಿದವು. ಭೂತಗನ್ನಡಿ ಹಿಡಿದರೆ ರಾಣಿ ಮಾರ್ಗರೇತೆಯ ಕೆನ್ನೆ ಪೂರ್ತಿ ಗೆರೆ ಮತ್ತು ಚುಕ್ಕಿ. ಗೆರೆ ದಟ್ಟವಾದಲ್ಲಿ ನೆರಳು, ಚುಕ್ಕಿ ವಿರಳವಾದಲ್ಲಿ ಬೆಳಕು. ಬೆರಳ ತುದಿಯಲ್ಲಿ ಸವರಿದರೆ ಶಾಯಿ ರಂಗೋಲಿ ಎಳೆಯ ಹಾಗೆ ಸಣ್ಣಗೆ ಉಬ್ಬಿ ಸಿಗುತ್ತದೆ. ಪೋಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿಗೆ ಬಂದು ನೆಲೆಸಿದ ಚೆಸ್ಲಾವ್ ಸ್ಲಾನಿಯಾ ಎಂಬ ಕಲಾವಿದರು ಹೀಗೆ ಸಾವಿರಕ್ಕೂ ಹೆಚ್ಚು ಚೀಟಿ ಕೆತ್ತಿದವರು, 2005ರಲ್ಲಿ ತೀರಿಕೊಂಡರು. ಸ್ವೀಡನ್ ಡೆನ್ಮಾರ್ಕಿನಿಂದ ಬಂದ ಚೀಟಿ ಕೈಗೆ ಸಿಕ್ಕರೆ ಇದು ಅವರದ್ದೇ ಇರಬಹುದೇ ಎಂದು ಅಂಚಿನಲ್ಲಿ ಅವರ ಹೆಸರಿನ ಅಕ್ಷರ ಹುಡುಕುವುದು ನನಗೆ ಅಭ್ಯಾಸ. ಇನ್ನೊಂದು ಜಾತಿಯ ಚೀಟಿಯಿದೆ, ಚಿಕ್ಕದು, ಅಲೆಯಂಥ ಗೆರೆಗಳ ನಡುವೆ ಬೆಲೆಯ ಅಂಕಿ ಮಾತ್ರ. 1905ರಿಂದ ಅದೇ ವಿನ್ಯಾಸ. ದರ ಹೆಚ್ಚಾದಾಗ ಚಿಲ್ಲರೆ ಹೊಂದಿಸುವುದಕ್ಕೆ ಅಂಥದ್ದನ್ನು ಪಕ್ಕದಲ್ಲಿ ಅಂಟಿಸುತ್ತಿದ್ದರು. ಒಂದೇ ದೊಡ್ಡ ಬೆಲೆಯ ಚೀಟಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅವಳು ಯಾವತ್ತೂ ಹಾಗೆ ಮಾಡಲಿಲ್ಲ, ನನಗಾಗಿ ಹುಡುಕಿ ಹುಡುಕಿ ಬಗೆಬಗೆಯದನ್ನು ಹಚ್ಚಿದಳು.

ಮಲೆನಾಡಿನಲ್ಲಿ ಸ್ಟ್ಯಾಂಪು ಉಳಿಸುವುದು ಸುಲಭವಲ್ಲ. ಆಷಾಢದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಸಲು ಹಿಡಿಯುವ ಸೀಮೆ ಇದು. ಗೋಂದಿರುವ ಹೊಸ ಚೀಟಿಗಳು ತೇವಕ್ಕೆ ಒಂದಕ್ಕೊಂದು ಹತ್ತಿಕೊಂಡು ಕಟ್ಟಾಗುತ್ತವೆ. ಹಾಗೆ ಹತ್ತಿಕೊಂಡದ್ದನ್ನು ಎಳೆಯಬಾರದು. ಮುಚ್ಚಳದ ಡಬ್ಬದ ತಳಕ್ಕೆ ಒದ್ದೆ ಬಟ್ಟೆ ಹಾಸಿ, ಅದಕ್ಕೆ ತಾಗದ ಹಾಗೆ ಮೇಲೊಂದು ಜಾಲರಿ ಇಟ್ಟು ಅದರ ಮೇಲೆ ಚೀಟಿ ಹರಡಿ ಮುಚ್ಚಿದರೆ ಆ ತೇವಕ್ಕೆ ಗೋಂದು ಮೆತ್ತಗಾಗಿ ತಾನಾಗೇ ಬಿಡುತ್ತದೆ. ಕೆಡಿಸಿದ ತೇವವೇ ಬಿಡಿಸುವುದಕ್ಕೂ ಬೇಕು. ಅಮ್ಮ ನನ್ನ ಆಲ್ಬಂ ಅನ್ನು ಬಿಸ್ಕತ್ತಿನ ತಗಡಿನ ಡಬ್ಬಕ್ಕೆ ಹಾಕಿ ಒಲೆ ಮೇಲಿನ ಅಟ್ಟದಲ್ಲಿ, ಏಲಕ್ಕಿ ಗೊಂಚಲಿನ ಪಕ್ಕ ಇಡುತ್ತಿದ್ದಳು. ಅವಳು ಓದಿದವಳಲ್ಲ, ಒಣ ಜಾಗ ಯಾವುದೆಂದು ಗೊತ್ತಿತ್ತು. ಈಗ ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಆಲ್ಬಂಗಳ ನಡುವೆ ಇಡುತ್ತೇನೆ. ಆಲ್ಬಂ ಒಂದರ ಮೇಲೊಂದು ಪೇರಿಸುವುದಿಲ್ಲ, ಪುಸ್ತಕದ ಹಾಗೆ ನಿಲ್ಲಿಸುತ್ತೇನೆ. ಭಾರಕ್ಕೆ ಕೆಳಗಿನದು ಒತ್ತಿ ಅಂಟಿಕೊಳ್ಳುತ್ತದೆ.

ಈ ಸಲ ಜನವರಿ ಕೊನೆಯಲ್ಲಿ, ಕಣದಲ್ಲಿ ರೋಬಸ್ಟಾ ಒಣಗುತ್ತಿದ್ದ ದಿನಗಳಲ್ಲಿ, ಪೋಸ್ಟ್‌ಮನ್ ಗೇಟಿನಿಂದಲೇ ಕೂಗಿದರು. "ಮೇಡಂ, ನಿಮ್ ಫಾರಿನ್ ಬಂತು. ಈ ಸಲ ತುಂಬ ಲೇಟು." ಕವರು ದಪ್ಪಗಿತ್ತು. ಮುಂಭಾಗದಲ್ಲಿ ನನ್ನ ವಿಳಾಸಕ್ಕೆ ಬಿಟ್ಟ ಜಾಗ ಬಿಟ್ಟರೆ ಉಳಿದದ್ದೆಲ್ಲ ಸ್ಟ್ಯಾಂಪು. ರಾಣಿ ಕೆಂಪು, ರಾಣಿ ನೀಲಿ, ರಾಣಿ ಹಸಿರು, ಸುತ್ತ ಅಲೆಗೆರೆಯ ಚಿಕ್ಕವು. ಮೊಹರಿನಲ್ಲಿ ಡಿಸೆಂಬರ್ ತಾರೀಕು.

ಕಾರಣ ನನಗೆ ಗೊತ್ತಿತ್ತು. ಡೆನ್ಮಾರ್ಕಿನ ಅಂಚೆ 1624ರಲ್ಲಿ ಶುರುವಾದದ್ದು. ಜನ ಪತ್ರ ಬರೆಯುವುದು ಬಿಟ್ಟರು. 2000ದಿಂದ ಈಚೆಗೆ ಅಲ್ಲಿನ ಪತ್ರಗಳ ಸಂಖ್ಯೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿದಿದೆ. ದೇಶದೊಳಗಿನ ಒಂದು ಪತ್ರಕ್ಕೇ 29 ಕ್ರೋನರ್ ಆಯಿತು. 2025ರ ಜೂನ್‌ನಿಂದ ಬೀದಿಯ ಕೆಂಪು ಡಬ್ಬಗಳನ್ನು ಕೀಳತೊಡಗಿದರು, ಸುಮಾರು 1500 ಇದ್ದವು. 2025ರ ಡಿಸೆಂಬರ್ 30ಕ್ಕೆ ಸರ್ಕಾರಿ ಅಂಚೆಯ ಪತ್ರ ವಿತರಣೆಯೇ ನಿಂತಿತು. ಇನ್ನು ಪತ್ರ ಹಂಚುವುದು ಖಾಸಗಿ ಕಂಪನಿ. ಗೆಳತಿ ತನ್ನ ಮೇಜಿನ ಸೆಳೆಖಾನೆಯಲ್ಲಿ ಉಳಿದಿದ್ದ ಹಳೆಯ ಚೀಟಿಗಳನ್ನೆಲ್ಲ ಲೆಕ್ಕ ಹಾಕಿ, ದರ ಹೊಂದಿಸಿ, ಒಂದೇ ಕವರಿಗೆ ಅಂಟಿಸಿ ಕಳಿಸಿಬಿಟ್ಟಿದ್ದಳು. ಒಳಗೆ ನಾಲ್ಕು ಪುಟದ ಪತ್ರ. ತಮ್ಮ ಬೀದಿಯ ಮೂಲೆಯ ಡಬ್ಬ ಕಿತ್ತ ದಿನ ಅಲ್ಲಿ ನೆಲದಲ್ಲಿ ನಾಲ್ಕು ಬೋಲ್ಟ್ ಉಳಿದಿದ್ದವು, ಈಗ ಅದೂ ಇಲ್ಲ, ಸಿಮೆಂಟ್ ಹಾಕಿದ್ದಾರೆ ಎಂದು ಬರೆದಿದ್ದಳು.

ತಮ್ಮನ ಮಗಳು ನಮ್ಮಲ್ಲೇ ಇದ್ದು ಪಿಯುಸಿ ಓದುತ್ತಾಳೆ. ಸ್ಟ್ಯಾಂಪು ಬಿಡಿಸುವ ಕೆಲಸ ಅವಳಿಗೆ ಚೆನ್ನಾಗಿ ಬರುತ್ತದೆ. ಅಗಲದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು, ಕವರಿನಿಂದ ಕತ್ತರಿಸಿದ ತುಂಡನ್ನು ಮುಖ ಮೇಲಾಗಿ ತೇಲಿಬಿಡುವುದು, ಚೀಟಿ ತಾನಾಗಿ ಜಾರುವವರೆಗೆ ಮುಟ್ಟದೆ ಕಾಯುವುದು, ಬೆನ್ನಿನ ಲೋಳೆಯನ್ನು ಬೆರಳಿನಿಂದ ಸವರಿ ತೊಳೆಯುವುದು, ಬಿಳಿ ಪಂಚೆ ಬಟ್ಟೆಯ ಮೇಲೆ ಮಗುಚಿ ಹಾಕುವುದು, ಪೂರ್ತಿ ಒಣಗುವ ಮುಂಚೆ ದಪ್ಪ ಪುಸ್ತಕದಲ್ಲಿಡುವುದು. ಪೇಪರಿನ ಮೇಲೆ ಹಾಕಬಾರದು, ಅಚ್ಚಿನ ಶಾಯಿ ಹತ್ತುತ್ತದೆ. ಕೆಂಪು ಕವರಿದ್ದರೆ ಬೇರೆ ತಟ್ಟೆ, ಬಣ್ಣ ಬಿಡುತ್ತದೆ. ಈಗಿನ ಸ್ಟಿಕರಿನಂಥ ಚೀಟಿಗಳು ಎಷ್ಟೋ ನೀರಿಗೆ ಬಿಡುವುದೇ ಇಲ್ಲ, ಸುತ್ತ ಕಾಗದ ಬಿಟ್ಟು ಕತ್ತರಿಸಿಡಬೇಕು. ಇಷ್ಟನ್ನೂ ನಾನು ಒಮ್ಮೆ ತೋರಿಸಿದ್ದೇ, ಅವಳಿಗೆ ಕೈಗೆ ಬಂತು.

ಆ ದಿನವೂ ತಟ್ಟೆಗೆ ನೀರು ಹಿಡಿದುಕೊಂಡೇ ಬಂದಳು. "ಅತ್ತೆ, ಯಾವ ಕಡೆಯಿಂದ ಕತ್ತರಿಸ್ಲಿ?"

"ಬೇಡ ಕಣೆ. ಇದು ಕವರಿನ ಮೇಲೇ ಇರಲಿ."

"ಆಲ್ಬಂನಲ್ಲಿ ಹಸಿರು ರಾಣಿ ಇಲ್ಲ ಅಂತಿದ್ರಲ್ಲ?"

"ಇಲ್ಲ. ಆದ್ರೂ ಬೇಡ."

ಹಸಿರು ರಾಣಿಯ ಜಾಗ ನನ್ನ ಆಲ್ಬಂನಲ್ಲಿ ಖಾಲಿ ಇರುವುದು ನಿಜ. ಆದರೆ ಈ ಚೀಟಿಗಳನ್ನು ಬಿಡಿಸಿದರೆ ಅವು ಒಂದೊಂದೇ ಡೆನ್ಮಾರ್ಕಿನ ಸ್ಟ್ಯಾಂಪಾಗುತ್ತವೆ, ಅಷ್ಟೇ. ಕವರಿನ ಮೇಲಿದ್ದರೆ ಅವಳು ಯಾವುದರ ಪಕ್ಕ ಯಾವುದನ್ನು ಹಚ್ಚಿದಳು, ಕೊನೆಗೆ ಜಾಗ ಸಾಲದೆ ಒಂದನ್ನು ಹೇಗೆ ಅಂಚಿಗೆ ತಳ್ಳಿದಳು, ಎರಡು ಚೀಟಿಯ ಮೇಲೆ ಒಂದೇ ಮೊಹರು ಹೇಗೆ ಹಾಯ್ದಿದೆ, ನನ್ನ ವಿಳಾಸದಲ್ಲಿ 'ಚಿಕ್ಕಮಗಳೂರು' ಎಂಬ ಉದ್ದದ ಹೆಸರನ್ನು ಅವಳು ಈಗಲೂ ಎಷ್ಟು ಜೋಪಾನವಾಗಿ ಬರೆಯುತ್ತಾಳೆ, ಎಲ್ಲವೂ ಉಳಿಯುತ್ತದೆ. ಹುಡುಗಿ ತಟ್ಟೆ ಇಟ್ಟು ಪಕ್ಕದಲ್ಲಿ ಕೂತಳು. ಇಬ್ಬರೂ ಬೆಲೆಗಳನ್ನು ಕೂಡಿದೆವು. ಚಿಲ್ಲರೆಯೂ ಸೇರಿ ಸರಿಯಾಗಿ ಹೊಂದಿತು.

ಮರುದಿನವೇ ಉತ್ತರ ಬರೆದು ಪೇಟೆಯ ಪೋಸ್ಟಾಫೀಸಿಗೆ ಹೋದೆ. ಕೌಂಟರಿನ ಹುಡುಗ ಒಳ್ಳೆಯವನು, ತೂಕ ಹಾಕಿ, "ಅಮ್ಮ, ಲೇಬಲ್ ತೆಗೆದು ಅಂಟಿಸ್ತೀನಿ, ಬೇಗ ಆಗುತ್ತೆ" ಅಂದ. "ಬೇಡಪ್ಪ, ಸ್ಟ್ಯಾಂಪು ನಾನೇ ತಂದಿದ್ದೀನಿ" ಅಂದೆ. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಸ್ಟ್ಯಾಂಪು, ನೂರು ರೂಪಾಯಿಯದ್ದು, ಆಗ ತಂದದ್ದು ಇನ್ನೂ ಉಳಿದಿತ್ತು. ಪರಿಮಳ ಈಗ ಅಷ್ಟಾಗಿ ಇಲ್ಲ, ಉಗುರಿನಿಂದ ಮೆಲ್ಲಗೆ ಉಜ್ಜಿ ಮೂಗಿಗೆ ಹಿಡಿದರೆ ಸ್ವಲ್ಪ ಗೊತ್ತಾಗುತ್ತದೆ. ಅದರ ಪಕ್ಕ ಅವನಿಂದಲೇ ಬೇರೆ ಬೇರೆ ಸಣ್ಣ ಬೆಲೆಯವನ್ನು ಕೇಳಿ ತೆಗೆದುಕೊಂಡು ಹಚ್ಚಿದೆ. ಸೀಲನ್ನು ಕೈಯಲ್ಲೇ, ತಾರೀಕು ಕಾಣುವ ಹಾಗೆ, ಚಿತ್ರದ ಮೂಲೆಗೆ ಹಾಕು ಎಂದು ಕೇಳಿಕೊಂಡೆ. ಮೊದಲು ಒಂದು ಚೂರು ಕಾಗದದ ಮೇಲೆ ಒತ್ತಿ ಶಾಯಿ ನೋಡಿಕೊಂಡು, ಆಮೇಲೆ ಕವರಿನ ಮೇಲೆ ಹಾಕಿದ.

ಪತ್ರದಲ್ಲಿ ಅವಳಿಗೆ ಊರಿನ ಸುದ್ದಿ, ಕಾಫಿ ರೇಟು, ತಮ್ಮನ ಮಗಳ ಪರೀಕ್ಷೆ ಎಲ್ಲ ಬರೆದಿದ್ದೇನೆ. ಕೊನೆಯಲ್ಲಿ, ಇನ್ನು ಮುಂದೆ ಆ ಖಾಸಗಿ ಕಂಪನಿಯವರು ಕವರಿನ ಮೇಲೆ ಏನು ಹಾಕುತ್ತಾರೋ, ಅಂಕಿಯೋ, ಬಾರ್‌ಕೋಡೋ, ಅದು ಹೇಗಿದ್ದರೂ ಸರಿ, ಅದನ್ನೇ ಹಾಕಿಸಿ ಕಳಿಸು, ಡೆನ್ಮಾರ್ಕಿನ ಪುಟದಲ್ಲಿ ಜಾಗ ಬಿಟ್ಟಿದ್ದೇನೆ ಎಂದು ಸೇರಿಸಿದೆ.