ಡ್ರೈವರ್ ಎಲ್ಲಿಗೆ ಹೋಗ್ತಾನೆ ಅಂತ ಗೊತ್ತಾಗ್ಬೇಕಾ? ಡಿಸೈನರ್ ಎಲ್ಲಿದ್ದಾನೆ ನೋಡಿ

2025ರ ಫಾರ್ಮುಲಾ ಒನ್ ಕಾರ್ ರೇಸ್‌ಗಳಲ್ಲಿ ಕೊನೆಯದಾದ ಅಬುಧಾಬಿ ರೇಸ್ ಮುಗಿದಾಗಿನಿಂದ ನಮ್ಮ ಕೋಲಾರದ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. ಡ್ರೈವರ್ ವರ್ಸ್ಟಾಪೆನ್ ತನ್ನ ಟೀಮ್ ರೆಡ್ ಬುಲ್ ಬಿಡ್ತಾನಾ? ಬಿಟ್ಟರೆ ಎಲ್ಲಿಗೆ? ಒಬ್ಬ ಮರ್ಸಿಡಿಸ್ ಅಂತಾನೆ, ಇನ್ನೊಬ್ಬ ಆಸ್ಟನ್ ಮಾರ್ಟಿನ್ ಅಂತಾನೆ, ಮತ್ತೊಬ್ಬನಿಗೆ ಫೆರಾರಿ ಬಿಟ್ಟು ಬೇರೆ ಟೀಮೇ ಕಾಣುವುದಿಲ್ಲ. ಗಡಿಯಾರ ಗೋಪುರದ ಹತ್ತಿರ ಟೀ ಕುಡಿಯಲು ನಿಂತರೂ ಅದೇ ಚರ್ಚೆ. ನನಗೂ ಈ ಲೆಕ್ಕಾಚಾರ ಅಂದ್ರೆ ತುಂಬಾ ಇಷ್ಟ. ಆದರೆ ಎಲ್ಲರೂ ಡ್ರೈವರ್‌ಗಳ ಹೆಸರನ್ನೇ ಅದಲು ಬದಲು ಮಾಡುತ್ತಾ ಕೂರುತ್ತಾರೆ. ಕಾರು ಮಾಡುವವರು ಯಾವ ಟೀಮಿನಿಂದ ಯಾವ ಟೀಮಿಗೆ ಹೋದರು, ಯಾವಾಗ ಹೋದರು ಅಂತ ಒಬ್ಬನೂ ಕೇಳುವುದಿಲ್ಲ. ನನ್ನ ಪ್ರಕಾರ ಅಸಲಿ ಸುಳಿವು ಇರುವುದೇ ಅಲ್ಲಿ.

2012ರ ಸೆಪ್ಟೆಂಬರ್ ನೆನಪಿದೆಯಾ? ಡ್ರೈವರ್ ಹ್ಯಾಮಿಲ್ಟನ್ ಮೆಕ್ಲಾರೆನ್ ಬಿಟ್ಟು ಮರ್ಸಿಡಿಸ್‌ಗೆ ಹೋಗುತ್ತಾನೆ ಅಂತ ಸುದ್ದಿ ಬಂದಾಗ, ಇವನಿಗೆ ತಲೆ ಕೆಟ್ಟಿದೆ ಅಂದವರೇ ಜಾಸ್ತಿ. ಮೆಕ್ಲಾರೆನ್ ಆ ವರ್ಷ ಏಳು ರೇಸ್ ಗೆದ್ದಿತ್ತು. ಮರ್ಸಿಡಿಸ್ 2010ರಲ್ಲಿ ವಾಪಸ್ ಬಂದ ಮೇಲೆ ಗೆದ್ದಿದ್ದು ಒಂದೇ ಒಂದು, ಚೀನಾದಲ್ಲಿ ರೋಸ್‌ಬರ್ಗ್ ಗೆದ್ದ ರೇಸ್. ಅಂಕಿ ಅಂಶ ನೋಡಿದರೆ ಹೋಗಬಾರದಿತ್ತು. ಆದರೆ ಅದಕ್ಕೂ ಮುಂಚೆ, 2011ರಲ್ಲಿ, ಫೆರಾರಿ ತನ್ನ ಟೆಕ್ನಿಕಲ್ ಡೈರೆಕ್ಟರ್ ಆಲ್ಡೊ ಕೋಸ್ಟಾ ಅವರನ್ನು ಹುದ್ದೆಯಿಂದ ಇಳಿಸಿತ್ತು, ಅವರು ಸದ್ದಿಲ್ಲದೆ ಮರ್ಸಿಡಿಸ್ ಸೇರಿದ್ದರು, ಅಲ್ಲಿ ರಾಸ್ ಬ್ರಾನ್ ಆಗಲೇ ಮುಖ್ಯಸ್ಥರಾಗಿದ್ದರು, ಮರ್ಸಿಡಿಸ್ ಎಂಜಿನ್ ತಯಾರಾಗುವ ಬ್ರಿಕ್ಸ್‌ವರ್ತ್‌ನಲ್ಲಿ 2014ರ ಹೈಬ್ರಿಡ್ ಎಂಜಿನ್ ಕೆಲಸ ನಡೆಯುತ್ತಿತ್ತು. 2013ರಲ್ಲಿ ಮೆಕ್ಲಾರೆನ್‌ನಿಂದಲೇ ಎಂಜಿನಿಯರ್ ಪ್ಯಾಡಿ ಲೋ ಕೂಡ ಅಲ್ಲಿಗೇ ಬಂದರು. ಆಮೇಲಿನದು ಎಲ್ಲರಿಗೂ ಗೊತ್ತು. 2014ರಿಂದ 2021ರವರೆಗೆ ಸತತ ಎಂಟು ಸಲ ಮರ್ಸಿಡಿಸ್ ಟೀಮ್ ಚಾಂಪಿಯನ್. ಹ್ಯಾಮಿಲ್ಟನ್‌ನ ಏಳು ಪ್ರಶಸ್ತಿಯಲ್ಲಿ ಆರು ಅಲ್ಲಿ ಬಂದಿದ್ದು. ಇತ್ತ ಮೆಕ್ಲಾರೆನ್ 2012ರ ಬ್ರೆಜಿಲ್ ಆದಮೇಲೆ ಮತ್ತೆ ರೇಸ್ ಗೆದ್ದಿದ್ದು 2021ರ ಮೊಂಜಾದಲ್ಲಿ!

ಶೂಮಾಕರ್ ಕಥೆಯೂ ಇದೇ ಅಲ್ವಾ. 1996ರಲ್ಲಿ ಬೆನೆಟನ್ ಬಿಟ್ಟು ಫೆರಾರಿಗೆ ಹೋದ. ಬೆನ್ನಿಗೇ ಬ್ರಾನ್ ಮತ್ತು ಡಿಸೈನರ್ ರೋರಿ ಬರ್ನ್ ಕೂಡ ಅಲ್ಲಿಗೆ ಹೋದರು. ಒಬ್ಬನೇ ಹೋಗಿದ್ದರೆ 2000ದಿಂದ 2004ರವರೆಗೆ ಐದು ಪ್ರಶಸ್ತಿ ಬರುತ್ತಿತ್ತು ಅಂತ ನನಗಂತೂ ಅನಿಸುವುದಿಲ್ಲ.

ಹೊಸ ಉದಾಹರಣೆ ಬೇಕು ಅಂದ್ರೆ ಡಿಸೈನರ್ ರಾಬ್ ಮಾರ್ಷಲ್. ರೆಡ್ ಬುಲ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮನುಷ್ಯ. 2023ರ ಮೇ ತಿಂಗಳಲ್ಲಿ ಮೆಕ್ಲಾರೆನ್‌ಗೆ ಹೋಗುತ್ತಾರೆ ಅಂತ ಗೊತ್ತಾಯಿತು, 2024ರ ಜನವರಿಯಲ್ಲಿ ಕೆಲಸ ಶುರು ಮಾಡಿದರು. ನಮ್ಮ ಗುಂಪಿನಲ್ಲಿ ಆ ಸುದ್ದಿಗೆ ಒಂದು ಲೈಕೂ ಬೀಳಲಿಲ್ಲ. ಅದೇ 2024ರ ಫೆಬ್ರವರಿ 1ರಂದು ಹ್ಯಾಮಿಲ್ಟನ್ ಫೆರಾರಿಗೆ ಅಂತ ಬಂದಾಗ ರಾತ್ರಿಯೆಲ್ಲ ಫೋನ್ ಟಿಂಗ್ ಟಿಂಗ್ ಅನ್ನುತ್ತಲೇ ಇತ್ತು. ಈಗ ನೋಡಿ. ಮೆಕ್ಲಾರೆನ್ 2024ರಲ್ಲಿ ಟೀಮ್ ಪ್ರಶಸ್ತಿ ಗೆದ್ದಿತು, 1998ರ ನಂತರ ಮೊದಲ ಸಲ. 2025ರಲ್ಲಿ ಮತ್ತೆ ಗೆದ್ದಿತು, 24 ರೇಸ್‌ಗಳಲ್ಲಿ 14 ಅವರದ್ದೇ, ಅವರ ಡ್ರೈವರ್ ನಾರಿಸ್ ಚಾಂಪಿಯನ್ ಆದ. ಫೆರಾರಿ 2025ರಲ್ಲಿ ಒಂದು ಗ್ರ್ಯಾನ್ ಪ್ರಿಯನ್ನೂ ಗೆಲ್ಲಲಿಲ್ಲ. ಹ್ಯಾಮಿಲ್ಟನ್‌ಗೆ ಶಾಂಘೈನಲ್ಲಿ ಗೆದ್ದ ಸ್ಪ್ರಿಂಟ್ (ಶನಿವಾರದ ಚಿಕ್ಕ ರೇಸ್) ಬಿಟ್ಟರೆ ಸಂತೋಷಪಡಲು ಏನೂ ಸಿಗಲಿಲ್ಲ, ಭಾನುವಾರದ ರೇಸ್‌ನಲ್ಲಿ ಒಂದು ಪೋಡಿಯಂ, ಅಂದ್ರೆ ಮೊದಲ ಮೂರರೊಳಗಿನ ಸ್ಥಾನ, ಕೂಡ ಇಲ್ಲ. ಅವನನ್ನು ಹಾಗೆ ನೋಡಲು ಸಂಕಟವಾಗುತ್ತಿತ್ತು. ಮೆಕ್ಲಾರೆನ್ ಮೇಲೆ ಬಂದಿದ್ದು ಮಾರ್ಷಲ್ ಒಬ್ಬರಿಂದಲೇ ಅಂತ ನಾನು ಹೇಳುತ್ತಿಲ್ಲ. ಪೀಟರ್ ಪ್ರೊಡ್ರೊಮೊ ಅವರಂಥ ಡಿಸೈನರ್‌ಗಳು ಅಲ್ಲಿ ಮುಂಚೆಯೇ ಇದ್ದರು. ಅವರೂ ಒಂದು ಕಾಲದ ರೆಡ್ ಬುಲ್‌ನವರೇ ಅನ್ನೋದು ಬೇರೆ.

ಡಿಸೈನರ್ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಕಾಲದ ಲೆಕ್ಕವನ್ನು. ನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಗೊತ್ತು: ಬೇರೆ ಕಂಪನಿಗೆ ಹೋಗಬೇಕಾದರೆ ನೋಟಿಸ್ ಪೀರಿಯಡ್ ಮುಗಿಯಬೇಕು, ರಿಲೀವಿಂಗ್ ಲೆಟರ್ ಕೈಗೆ ಬರಬೇಕು. ಫಾರ್ಮುಲಾ ಒನ್‌ನಲ್ಲಿ ವ್ಯತ್ಯಾಸ ಏನಪ್ಪಾ ಅಂದ್ರೆ, ಆ ಅವಧಿಯಲ್ಲಿ ಕೆಲಸಕ್ಕೂ ಬರಬೇಡ, ಸಂಬಳ ತಗೊಂಡು ಮನೆಯಲ್ಲಿರು ಅಂತಾರೆ, ಅದೂ ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷದ ತನಕ. ತಲೆಯಲ್ಲಿರುವ ವಿಷಯ ಹಳೆಯದಾಗಲಿ ಅನ್ನೋದೇ ಉದ್ದೇಶ. ಕಾಗದದಲ್ಲಿ ಏನನ್ನೂ ಒಯ್ಯುವ ಹಾಗಿಲ್ಲ. 2007ರಲ್ಲಿ ಫೆರಾರಿಯ ಸುಮಾರು 780 ಪುಟಗಳ ದಾಖಲೆ ಮೆಕ್ಲಾರೆನ್‌ನ ಚೀಫ್ ಡಿಸೈನರ್ ಮನೆಯಲ್ಲಿ ಸಿಕ್ಕಾಗ ಮೆಕ್ಲಾರೆನ್‌ಗೆ ಬಿದ್ದ ದಂಡ 10 ಕೋಟಿ ಡಾಲರ್. ಹಾಗಾಗಿ ಡಿಸೈನರ್ ಸಹಿ ಹಾಕಿದ ದಿನದಿಂದ ಲೆಕ್ಕ ಹಾಕಬೇಡಿ. ಕೆಲಸಕ್ಕೆ ಹಾಜರಾದ ದಿನದಿಂದ ಲೆಕ್ಕ ಹಾಕಿ, ಅದರ ಮೇಲೆ ಕಾರು ತಯಾರಾಗಲು ಒಂದು ವರ್ಷ ಸೇರಿಸಿ. ಡ್ರೈವರ್ ಆದರೆ ಡಿಸೆಂಬರ್‌ನಲ್ಲೇ ಹೊಸ ಸೀಟಿನಲ್ಲಿ ಕೂತು ಟೆಸ್ಟ್ ಓಡಿಸಿಬಿಡುತ್ತಾನೆ.

ಇದಕ್ಕೆ ಎದುರು ಸಾಕ್ಷಿಯೂ ಇದೆ. ಡಿಸೈನರ್ ಡ್ಯಾನ್ ಫ್ಯಾಲೋಸ್ 2022ರಲ್ಲಿ ರೆಡ್ ಬುಲ್‌ನಿಂದ ಆಸ್ಟನ್ ಮಾರ್ಟಿನ್‌ಗೆ ಬಂದರು. 2023ರ ಕಾರಿನಲ್ಲಿ ಆ ಟೀಮಿನ ಡ್ರೈವರ್ ಅಲೊನ್ಸೊ ಮೊದಲ ಮೂರು ರೇಸ್‌ನಲ್ಲೂ ಪೋಡಿಯಂ ಹತ್ತಿದ, ಇಡೀ ವರ್ಷದಲ್ಲಿ ಎಂಟು ಸಲ. ನಾವೆಲ್ಲ ಕುಣಿದಾಡಿದ್ದೆವು. 2024ರಲ್ಲಿ ಎಷ್ಟು? ಸೊನ್ನೆ. ಆ ನವೆಂಬರ್‌ನಲ್ಲಿ ಫ್ಯಾಲೋಸ್ ಹುದ್ದೆ ಹೋಯಿತು. ಆ ಟೀಮಿಗೆ ಆಗ ಸ್ವಂತ ವಿಂಡ್ ಟನಲ್ (ಕಾರಿನ ಮೇಲೆ ಗಾಳಿ ಬೀಸಿ ಪರೀಕ್ಷಿಸುವ ಸುರಂಗ) ಇರಲಿಲ್ಲ, ಮರ್ಸಿಡಿಸ್‌ನದನ್ನು ಬಾಡಿಗೆಗೆ ಬಳಸುತ್ತಿದ್ದರು. ಮಾಡಿದ ಬದಲಾವಣೆ ಟ್ರ್ಯಾಕ್ ಮೇಲೆ ಕೆಲಸ ಮಾಡುತ್ತಾ ಇಲ್ವಾ ಅಂತ ಮುಂಚೆಯೇ ಹೇಳುವ ಸಾಧನ ಸರಿ ಇಲ್ಲದಿದ್ದರೆ ಎಂಥ ಡಿಸೈನರ್ ಬಂದರೂ ಕತ್ತಲಲ್ಲಿ ಹುಡುಕಬೇಕು. ಸ್ವಂತ ಟನಲ್ ಶುರುವಾಗಿದ್ದು 2025ರಲ್ಲಿ.

ಈಗ ಅಸಲಿ ವಿಷಯ. ಏಡ್ರಿಯನ್ ನ್ಯೂಯಿ. ವಿಲಿಯಮ್ಸ್, ಮೆಕ್ಲಾರೆನ್, ರೆಡ್ ಬುಲ್ ಮೂರೂ ಕಡೆ ಚಾಂಪಿಯನ್ ಕಾರು ಮಾಡಿದವರು, ಇವತ್ತಿಗೂ ಡ್ರಾಯಿಂಗ್ ಬೋರ್ಡ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುವವರು. ಅವರು ಬಿಟ್ಟುಹೋದ ವಿಲಿಯಮ್ಸ್ 1997ರ ನಂತರ ಒಂದೂ ಪ್ರಶಸ್ತಿ ಗೆದ್ದಿಲ್ಲ. 2025ರ ಮಾರ್ಚ್‌ನಲ್ಲಿ ನ್ಯೂಯಿ ಆಸ್ಟನ್ ಮಾರ್ಟಿನ್‌ನಲ್ಲಿ ಕೆಲಸ ಶುರು ಮಾಡಿದರು. ಫೆರಾರಿಯ ಡಿಸೈನರ್ ಎನ್ರಿಕೊ ಕಾರ್ಡಿಲೆ ಆಗಸ್ಟ್‌ನಲ್ಲಿ ಬಂದರು. 2026ಕ್ಕೆ ಟೀಮ್ ಪ್ರಿನ್ಸಿಪಲ್ (ಟೀಮಿನ ಮುಖ್ಯಸ್ಥ) ಕೂಡ ನ್ಯೂಯಿ ಅವರೇ ಅಂತ 2025ರ ನವೆಂಬರ್‌ನಲ್ಲಿ ಹೇಳಿದರು. ಇದು ನನಗೆ ಹಿಡಿಸಲಿಲ್ಲ. ಗೆರೆ ಎಳೆಯುವ ಕೈಗೆ ಮೀಟಿಂಗ್, ಪ್ರೆಸ್ ಯಾಕೆ?

2026ರಿಂದ ಆಸ್ಟನ್ ಮಾರ್ಟಿನ್‌ಗೆ ಎಂಜಿನ್ ಹೋಂಡಾ. ಹೋಂಡಾ ಅಂದ ತಕ್ಷಣ ಕೋಲಾರದವರ ಕಿವಿ ನೆಟ್ಟಗಾಗುತ್ತದೆ, ನರಸಾಪುರದಲ್ಲಿ ಅವರ ಬೈಕ್ ಫ್ಯಾಕ್ಟರಿ ಇದೆಯಲ್ಲ. ರೇಸ್ ಎಂಜಿನ್ ಬರುವುದು ಜಪಾನಿನ ಸಕುರಾದಿಂದ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಒಂದು ಅಭಿಮಾನ. ಟೀಮ್ ಕೂಡ ನಮಗೆ ಹೊಸದಲ್ಲ. ನಮ್ಮ ಬೆಂಗಳೂರಿನ ವಿಜಯ್ ಮಲ್ಯ 2007ರಲ್ಲಿ ಕೊಂಡು ಫೋರ್ಸ್ ಇಂಡಿಯಾ ಅಂತ ಓಡಿಸಿದರಲ್ಲ, ಸಿಲ್ವರ್‌ಸ್ಟೋನ್‌ನ ಅದೇ ಟೀಮ್ ಕೈ ಬದಲಾಗಿ ಇವತ್ತು ಆಸ್ಟನ್ ಮಾರ್ಟಿನ್ ಆಗಿದೆ. 2009ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಡ್ರೈವರ್ ಫಿಸಿಕೆಲ್ಲಾ ಆ ಕಾರನ್ನು ಪೋಲ್‌ನಲ್ಲಿ, ಅಂದ್ರೆ ರೇಸ್ ಶುರುವಾಗುವಾಗ ಎಲ್ಲರಿಗಿಂತ ಮುಂದೆ, ನಿಲ್ಲಿಸಿ ಎರಡನೇ ಸ್ಥಾನ ತಂದ. ಮರುವಾರವೇ ಫೆರಾರಿ ಕರೆಯಿತು, ಹೋದ. ಐದು ರೇಸ್‌ನಲ್ಲಿ ಒಂದು ಪಾಯಿಂಟೂ ಬರಲಿಲ್ಲ. ಫೆರಾರಿಯ ಕೆಂಪು ಬಣ್ಣ ನೋಡಿ ಟೀಮ್ ಬದಲಿಸುವವರ ಬಗ್ಗೆ ಯಾರಾದರೂ ಮಾತೆತ್ತಿದರೆ ನನಗೆ ಮೊದಲು ನೆನಪಾಗುವುದೇ ಅದು.

ಇನ್ನು ಅಲೊನ್ಸೊ. ಇವನಷ್ಟು ಒಳ್ಳೆಯ ಡ್ರೈವರ್ ಇವನಷ್ಟು ಕೆಟ್ಟ ಸಮಯದಲ್ಲಿ ಟೀಮ್ ಬದಲಿಸಿದ್ದು ಬೇರೆ ಇಲ್ಲ ಅಂತ ಬೇಜಾರಿನಿಂದಲೇ ಹೇಳುತ್ತೇನೆ. ರೆನೋದಲ್ಲಿ ಎರಡು ಪ್ರಶಸ್ತಿ ಗೆದ್ದು 2007ರಲ್ಲಿ ಮೆಕ್ಲಾರೆನ್‌ಗೆ ಹೋದ, ಒಂದು ಪಾಯಿಂಟ್‌ನಲ್ಲಿ ಪ್ರಶಸ್ತಿ ಹೋಯಿತು. ಫೆರಾರಿಗೆ ಹೋದ, 2010ರಲ್ಲಿ ನಾಲ್ಕು ಪಾಯಿಂಟ್, 2012ರಲ್ಲಿ ಮೂರು ಪಾಯಿಂಟ್. ಎರಡೂ ಸಲ ಅವನನ್ನು ಸೋಲಿಸಿದ್ದು ವೆಟೆಲ್ ಓಡಿಸಿದ ನ್ಯೂಯಿ ಕಾರು. ಬೇಸತ್ತು 2015ರಲ್ಲಿ ಮೆಕ್ಲಾರೆನ್ ಹೋಂಡಾ ಸೇರಿದ. ಹೋಂಡಾದವರ ಸ್ವಂತ ಸುಜುಕಾ ಟ್ರ್ಯಾಕ್‌ನಲ್ಲೇ, ಇದು ಜಿಪಿ2 (ಫಾರ್ಮುಲಾ ಒನ್‌ಗಿಂತ ಕೆಳಗಿನ ಹಂತದ ರೇಸ್) ಎಂಜಿನ್ ಅಂತ ರೇಡಿಯೋದಲ್ಲಿ ಕೂಗಿದ. ಹತ್ತು ವರ್ಷ ಕಳೆದು, 44ನೇ ವಯಸ್ಸಿನಲ್ಲಿ, ಅದೇ ನ್ಯೂಯಿ ಕಾರು, ಅದೇ ಹೋಂಡಾ ಎಂಜಿನ್ 2026ರಲ್ಲಿ ಅವನ ಕೈಗೆ ಬರುತ್ತಿದೆ. ಅವನು ಇನ್ನೊಂದು ರೇಸ್ ಗೆಲ್ಲಬೇಕು ಅಂತ ನನಗೆ ತುಂಬಾ ಆಸೆ ಇದೆ. 2013ರ ಸ್ಪೇನ್ ಆದಮೇಲೆ ಗೆದ್ದೇ ಇಲ್ಲ.

ಅವನ ಕಾಂಟ್ರ್ಯಾಕ್ಟ್ 2026ಕ್ಕೆ ಮುಗಿಯುತ್ತದೆ. 2027ಕ್ಕೆ ಆ ಸೀಟು ಖಾಲಿ ಆಗಬಹುದು. ವರ್ಸ್ಟಾಪೆನ್ ಗೆದ್ದ ನಾಲ್ಕೂ ಪ್ರಶಸ್ತಿ ನ್ಯೂಯಿ ಇದ್ದ ಟೀಮಿನ ಕಾರಿನಲ್ಲಿ, ಹೋಂಡಾ ಎಂಜಿನ್‌ನಲ್ಲಿ. ನನ್ನ ಊಹೆ ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಯಿತಲ್ಲ? ರೆಡ್ ಬುಲ್ ಜೊತೆ ಅವನ ಒಪ್ಪಂದ 2028ರವರೆಗೆ ಇದೆ, ಇರಲಿ. ಮಾರ್ಷಲ್ ಹೋದರು, ನ್ಯೂಯಿ ಹೋದರು, ಸ್ಪೋರ್ಟಿಂಗ್ ಡೈರೆಕ್ಟರ್ ವೀಟ್ಲಿ ಆಡಿ ಟೀಮಿಗೆ ಹೋದರು, 2025ರ ಜುಲೈನಲ್ಲಿ ಮುಖ್ಯಸ್ಥ ಹಾರ್ನರ್ ಅವರನ್ನು ಟೀಮೇ ತೆಗೆಯಿತು, ವರ್ಷದ ಕೊನೆಗೆ ಸಲಹೆಗಾರ ಮಾರ್ಕೊ ಕೂಡ ಹೊರಟರು. ಅವನು ಸೇರಿದಾಗ ಇದ್ದ ಮನೆಯೇ ಈಗ ಇಲ್ಲ. ಹೊಸ ಎಂಜಿನ್ ಫೋರ್ಡ್ ಜೊತೆ ರೆಡ್ ಬುಲ್ ಸ್ವಂತವಾಗಿ ಮಾಡಿದ್ದು, ಮೊದಲ ಪ್ರಯತ್ನ.

ಗುಂಪಿನಲ್ಲಿ ಒಬ್ಬ ಸರಿಯಾದ ಪ್ರಶ್ನೆ ಕೇಳಿದ: "ಮಗಾ, ಅಷ್ಟು ಜನ ಹೋದ ಮೇಲೂ ವರ್ಸ್ಟಾಪೆನ್ 2025ರಲ್ಲಿ ಎರಡೇ ಪಾಯಿಂಟ್‌ನಲ್ಲಿ ಸೋತಿದ್ದು, ಮಧ್ಯದಲ್ಲಿ 104 ಪಾಯಿಂಟ್ ಹಿಂದೆ ಇದ್ದ. ಡಿಸೈನರ್ರೇ ಎಲ್ಲ ಆದ್ರೆ ಇದು ಹೆಂಗೆ?" ಒಪ್ಪುತ್ತೇನೆ. ಆ ಅಂತರ ಮುಚ್ಚಿದ್ದು ಅವನ ಕೈ. ಆದರೆ ಮೊಂಜಾ ಹೊತ್ತಿಗೆ ಕಾರೂ ಸುಧಾರಿಸಿತ್ತು, ಟೆಕ್ನಿಕಲ್ ಡೈರೆಕ್ಟರ್ ಪಿಯೆರ್ ವಾಶೆ ಕೈಕೆಳಗಿನ ಟೀಮ್ ಇನ್ನೂ ಅಲ್ಲೇ ಇದೆ. ಅದಕ್ಕೇ ನಾನು 2026ಕ್ಕೆ ಅವನು ಕದಲುವುದಿಲ್ಲ ಅಂತ ಮೊದಲಿಂದ ಹೇಳುತ್ತಿದ್ದೆ.

ಉಳಿದವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಡ್ರೈವರ್ ಪಿಯಾಸ್ಟ್ರಿ ಮೆಕ್ಲಾರೆನ್ ಬಿಡುವುದಿಲ್ಲ, ಮಾರ್ಷಲ್ ಇರುವ ಜಾಗ ಬಿಟ್ಟು ಯಾಕೆ ಹೋಗಬೇಕು. ಡ್ರೈವರ್ ಸೈಂಜ್ ವಿಲಿಯಮ್ಸ್‌ಗೆ ಹೋಗಿದ್ದು ಜಾಣತನ, ಅವನಿಗಿಂತ ಮುಂಚೆ ಎಂಜಿನಿಯರ್ ಪ್ಯಾಟ್ ಫ್ರೈ ಅಲ್ಲಿಗೆ ಹೋಗಿದ್ದರು, ಬಾಕುನಲ್ಲೂ ಕತಾರ್‌ನಲ್ಲೂ ಪೋಡಿಯಂ ಬಂತು. ಹ್ಯಾಮಿಲ್ಟನ್‌ಗೆ ಮರ್ಸಿಡಿಸ್‌ನಿಂದ ಬಂದ ಎಂಜಿನಿಯರ್ ಲೊಯಿಕ್ ಸೆರಾ 2026ರ ಹೊಸ ನಿಯಮಕ್ಕೆ ಮಾಡುತ್ತಿರುವ ಫೆರಾರಿಯೇ ಕೊನೆಯ ಆಸೆ.

ಆಸ್ಟನ್ ಮಾರ್ಟಿನ್ ವಿಷಯದಲ್ಲಿ ನನಗಿರುವ ಭಯ ಒಂದೇ. 2026ರಲ್ಲಿ ಮರ್ಸಿಡಿಸ್ ಎಂಜಿನ್ ನಾಲ್ಕು ಟೀಮುಗಳಲ್ಲಿ ಓಡುತ್ತದೆ, ಹೋಂಡಾ ಒಂದೇ ಟೀಮಿನಲ್ಲಿ. ಕಲಿಯಲು ಸಿಗುವ ಮಾಹಿತಿ ಅಷ್ಟು ಕಡಿಮೆ. ಹಾಗಾಗಿ 2026ರ ಮಾರ್ಚ್‌ನ ಮೆಲ್ಬರ್ನ್ ರೇಸ್‌ನಲ್ಲಿ ಅವರು ಹಿಂದೆ ಬಿದ್ದರೆ ತಕ್ಷಣ ಬೈಯಬೇಡಿ, ಜೂನ್ ಜುಲೈವರೆಗೆ ಪ್ರತಿ ಹೊಸ ಬಿಡಿಭಾಗಕ್ಕೆ ಕಾರು ಎಷ್ಟು ಮುಂದೆ ಬರುತ್ತದೆ ಅಂತ ನೋಡಿ. ಮುಂದೆ ಬರುತ್ತಿದ್ದರೆ ಆಗಸ್ಟ್ ರಜೆಯೊಳಗೆ ವರ್ಸ್ಟಾಪೆನ್ ಮಾತುಕತೆ ಶುರುವಾಗುತ್ತದೆ. ಬರದಿದ್ದರೆ ಅವನು ಮರ್ಸಿಡಿಸ್ ಕಡೆ ನೋಡುತ್ತಾನೆ. ಅದಕ್ಕೂ ಮುಂಚೆ ವಾಶೆ ರೆಡ್ ಬುಲ್ ಬಿಟ್ಟರು ಅಂತ ಸುದ್ದಿ ಬಂದರೆ, ಅವರು ಯಾವ ಟೀಮ್ ಸೇರಿದರು ಅಂತ ದಯವಿಟ್ಟು ಗುಂಪಿನಲ್ಲಿ ಹಾಕಿ, ರಾತ್ರಿ ಎಷ್ಟೇ ಹೊತ್ತಾದರೂ ಪರವಾಗಿಲ್ಲ.