ಆಲ್ಬಂನ ದಾರಿ ಬದಲಾದಾಗ ಧ್ವನಿಯಿಂದ ಶುರುಮಾಡಿ

"ಈ ಸಲ ಹಳೇ ಥರ ಬೇಡ" ಎಂದು ಗಾಯಕರು ಸ್ಟುಡಿಯೊಗೆ ಬಂದರೆ ಮೊದಲು ಬದಲಾಗುವುದು ಕಂಪ್ಯೂಟರಲ್ಲಿ ವಾದ್ಯ ಜೋಡಿಸುವ ಪ್ರೋಗ್ರಾಮರ್, ಆಮೇಲೆ ಡ್ರಮ್ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಡ್ರಮ್ ಸದ್ದು). ಧ್ವನಿ ಮಾತ್ರ ಹಳೇ ಶ್ರುತಿಯಲ್ಲಿ, ಹಳೇ ಜೋರಿನಲ್ಲಿ ಹಾಗೇ ಉಳಿದಿರುತ್ತದೆ. ಕೇಳುವವರಿಗೆ ಅದು ಹಳೇ ಹಾಡಿನ ರೀಮಿಕ್ಸ್, ಅಷ್ಟೆ.

ಅಮೆರಿಕದ ಸೋಲ್ ಸಂಗೀತದ ಗಾಯಕ ಮಾರ್ವಿನ್ ಗೇ 1971ರ ಮೇ ತಿಂಗಳಲ್ಲಿ ತಂದ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ನೋಡಿ. ರೆಕಾರ್ಡ್ ಕಂಪನಿ ಅದೇ ಮೋಟೌನ್, ಊರು ಅದೇ ಡೆಟ್ರಾಯಿಟ್, ಬೇಸ್ ಗಿಟಾರ್ ಹಿಡಿದವರು ಅದೇ ಜೇಮ್ಸ್ ಜೇಮರ್ಸನ್. ಶೀರ್ಷಿಕೆ ಹಾಡಿನ ಡ್ರಮ್ಸ್‌ಗೆ ಚೆಟ್ ಫಾರೆಸ್ಟ್ ಎಂಬ ಹೊಸಬರು ಬಂದರು, ಕೈಯಲ್ಲಿ ಬಾರಿಸುವ ಕಾಂಗಾ ಡ್ರಮ್ ಮುಂದಕ್ಕೆ ಬಂತು, ನಿಜ. ಆದರೆ 1968ರ ಅವರದೇ ಹಾಡು ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಪಕ್ಕದಲ್ಲಿಟ್ಟು ಕೇಳಿದರೆ ದೊಡ್ಡ ವ್ಯತ್ಯಾಸ ಇರುವುದು ಗಂಟಲಲ್ಲಿ. ಅಲ್ಲಿ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಬೇಕೆಂದೇ ಎತ್ತರದ ಶ್ರುತಿ ಕೊಟ್ಟು ಹಿಂಡಿ ಹಾಡಿಸಿದ್ದಾರೆ. ಇಲ್ಲಿ ಗೇ ಮಾತಾಡುವಷ್ಟು ಮೆಲ್ಲಗೆ ಹಾಡುತ್ತಾರೆ, ಅದೂ ಎರಡು ಗೇಗಳಾಗಿ.

ಆ ಜೋಡಿ ಧ್ವನಿ ಆಕಸ್ಮಿಕ. ಎರಡು ಟೇಕ್‌ಗಳನ್ನು (ಒಂದೇ ಹಾಡನ್ನು ಎರಡು ಸಲ ಹಾಡಿದ ರೆಕಾರ್ಡಿಂಗ್‌ಗಳನ್ನು) ಹೋಲಿಸಿ ಕೇಳಬೇಕಿತ್ತು, ಎಂಜಿನಿಯರ್ ಕೆನ್ ಸ್ಯಾಂಡ್ಸ್ ಹಾಕಿದಾಗ ಎರಡೂ ಒಟ್ಟಿಗೆ ಕೇಳಿಸಿದವು. ಗೇ ಅದನ್ನೇ ಉಳಿಸಿಕೊಂಡರು.

ಈ ಜೋಡಿ ಧ್ವನಿ ಮಾಡಹೊರಟವರು ಎಡವುವುದು ಎರಡನೇ ಟೇಕ್‌ನಲ್ಲಿ. ಆಗ ಹೆಡ್‌ಫೋನ್‌ನಲ್ಲಿ ಮೊದಲ ಟೇಕ್ ಕೇಳಿಸಲೇಬೇಡಿ. ಕೇಳಿಸಿದರೆ ಗಾಯಕರು ಅದನ್ನೇ ಹಿಂಬಾಲಿಸುತ್ತಾರೆ, ಸಿಗುವುದು ಬರೀ ದಪ್ಪ ಧ್ವನಿ. ಎರಡು ಟೇಕ್ ನಡುವೆ 20-30 ಮಿಲಿಸೆಕೆಂಡ್ ವ್ಯತ್ಯಾಸವಿದ್ದರೆ ಒಂದೇ ಧ್ವನಿ ಅಗಲವಾದಂತಿರುತ್ತದೆ, 50 ದಾಟಿದರೆ ಇಬ್ಬರು ಹಾಡಿದಂತೆ. ಸಾಲಿನ ಆರಂಭದಲ್ಲಿ ಒಂದೇ ಧ್ವನಿಯಂತಿದ್ದರೆ, ಕೊನೆಯಲ್ಲಿ ಇಬ್ಬರಂತಿದ್ದರೆ ಚೆನ್ನ. ಒಟ್ಟಿಗೆ ಹಾಡುವ ಕಡೆ ಎರಡನೇ ಟ್ರ್ಯಾಕ್ ಸುಮಾರು 6 ಡೆಸಿಬೆಲ್ ಕೆಳಗಿರಲಿ, ಒಬ್ಬರಿಗೊಬ್ಬರು ಉತ್ತರ ಕೊಡುವಂತಿರುವ ಕಡೆ ಸಮಕ್ಕೆ ತನ್ನಿ. ಎರಡನ್ನೂ ಸ್ವರ ತಿದ್ದುವ ಪಿಚ್ ಕರೆಕ್ಷನ್ ಸಾಫ್ಟ್‌ವೇರ್‌ಗೆ ಹಾಕಿ ಒಂದೇ ಗೆರೆಗೆ ಕೂರಿಸಬೇಡಿ, ಧ್ವನಿ ಕೊಳವೆಯೊಳಗಿಂದ ಬಂದಂತಾಗುತ್ತದೆ.

ಕನ್ನಡ ಸಾಹಿತ್ಯಕ್ಕೆ ಇನ್ನೊಂದು ತೊಡಕು, ಒತ್ತಕ್ಷರ. ‘ಹತ್ತಿರ’, ‘ಕಪ್ಪು’ ಅಂದಾಗ ತುಟಿ ನಾಲಿಗೆ ಮುಚ್ಚಿ ಬಿಡುವ ಸದ್ದು ಎರಡು ಸಲ ಬಿದ್ದು ಟಪ್-ಟಪ್ ಅನ್ನುತ್ತದೆ. ಎರಡನೇ ಟ್ರ್ಯಾಕ್‌ನಲ್ಲಿ ಆ ವ್ಯಂಜನಗಳನ್ನೂ ‘ಸ’, ‘ಶ’ಗಳನ್ನೂ ಒಂದೊಂದಾಗಿ ಕೈಯಲ್ಲೇ ತಗ್ಗಿಸಿ. ಬೇಸರದ ಕೆಲಸ, ಆದರೆ ‘ಸ’ಕಾರ ತಗ್ಗಿಸುವ ಡಿ-ಎಸ್ಸರ್ ಸಾಧನ ‘ಪ್ಪ’ವನ್ನು ಹಿಡಿಯುವುದಿಲ್ಲ.

ಮೆಲ್ಲಗೆ ಹಾಡಿಸುವುದಾದರೆ ಮೈಕ್ ಬಾಯಿಂದ 10-15 ಸೆಂ.ಮೀ. ದೂರಕ್ಕೆ ಬರಬೇಕು. ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಏರಿಸಿದ್ದಕ್ಕೆ ಎಸಿ ಗುಂಯ್ ಎನ್ನುವುದೂ ಹೆಡ್‌ಫೋನ್‌ನ ಕ್ಲಿಕ್ ಟ್ರ್ಯಾಕ್ (ತಾಳ ತೋರಿಸುವ ಟಿಕ್-ಟಿಕ್) ಸೋರುವುದೂ ಸೇರಿಕೊಳ್ಳುತ್ತವೆ. ಎಸಿ ಆರಿಸಿ, ಕ್ಲಿಕ್ ತಗ್ಗಿಸಿ, ಮೈಕ್ ಹತ್ತಿರವಾದ್ದರಿಂದ ತುಂಬಿಕೊಳ್ಳುವ ಬೇಸನ್ನು (ತಗ್ಗು ಸದ್ದನ್ನು) 80 ಹರ್ಟ್ಸ್ ಕೆಳಗೆ ಕತ್ತರಿಸಿ. ಶ್ರುತಿಯನ್ನು ಬ್ಯಾಂಡ್ ರೆಕಾರ್ಡ್ ಮಾಡುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಸ್ಟ್ರಿಂಗ್ಸ್ (ವಯಲಿನ್ ಗುಂಪು) ಬಂದಾದ ಮೇಲೆ ಅರ್ಧ ಸ್ವರ ಇಳಿಸಬೇಕೆಂದರೆ ಖರ್ಚು ಯಾರದು ಎಂಬ ಜಗಳ ಬೇರೆ.

ಗೇ ಅವರ ಈ ಆಲ್ಬಂನ ಹಾಡುಗಳು ಒಂದರೊಳಗೊಂದು ಹರಿಯುತ್ತವೆ. ಹಾಗೆ ಬೇಕಿದ್ದರೆ ಹಾಡುಗಳ ಸರದಿಯೂ ಮೊದಲೇ ತೀರ್ಮಾನವಾಗಿರಬೇಕು. ಕೊನೆಯ ಸ್ವರ ಪೂರ್ತಿ ಅಡಗುವವರೆಗೂ ರೆಕಾರ್ಡಿಂಗ್ ನಿಲ್ಲಿಸಬೇಡಿ. ಎಂಪಿ3 ಮಾಡುವಾಗ ಫೈಲಿನ ಎರಡೂ ತುದಿಗೆ ಚೂರು ಮೌನ ಅಂಟಿಕೊಂಡು ಜೋಡಣೆ ಒಡೆಯುತ್ತದೆ, ಹಾಗಾಗಿ ಬಿಡುಗಡೆಗೆ ವೇವ್ ಫೈಲನ್ನೇ ಕೊಡಿ.

ಮಿಕ್ಸ್‌ಗೆ (ಎಲ್ಲ ಟ್ರ್ಯಾಕ್‌ಗಳ ಸದ್ದು ಹೊಂದಿಸುವ ಕೆಲಸಕ್ಕೆ) ಎರಡನೇ ಸುತ್ತಿನ ಸಮಯ, ಹಣ ಎತ್ತಿಡಿ. ಈ ಆಲ್ಬಂಗೇ 1971ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಆದ ಮಿಕ್ಸ್ ಬದಿಗಿಟ್ಟು ಲಾಸ್ ಏಂಜಲೀಸ್‌ನಲ್ಲಿ ಮತ್ತೆ ಮಾಡಿದರು. 2001ರ ಡಿಲಕ್ಸ್ ಆವೃತ್ತಿಯಲ್ಲಿ ಎರಡೂ ಇವೆ. ಒಂದೇ ಹಾಡನ್ನು ಎರಡರಲ್ಲೂ ಹಾಕಿ, ಧ್ವನಿಗೂ ಕಾಂಗಾಗೂ ನಡುವಿನ ಅಂತರ ಎಲ್ಲಿ ಬದಲಾಗಿದೆ ಎಂದು ಸಣ್ಣ ಸ್ಪೀಕರ್‌ನಲ್ಲಿ ಕೇಳಿ ನೋಡಿ.